ಸನ್ನಿ ಹಿಡಿದವರ ಪಕ್ಕ ಕೂತ ಡಾಕ್ಟರಮ್ಮ

ಸಾಯೋ ಕಾಲಕ್ಕೆ ಮನುಷ್ಯ ಬಡಬಡಿಸಲು ಶುರು ಮಾಡಿದರೆ ನಮ್ಮ ಗದಗ-ಬೆಟಗೇರಿ ಕಡೆ ಸನ್ನಿ ಹಿಡೀತು ಅಂತೀವಿ. ಅಲ್ಲಿಗೆ ಮುಗೀತು. ಮಕ್ಕಳಿಗೆ ಫೋನ್ ಹೋಗುತ್ತೆ, ಬಾಯಿಗೆ ನೀರು ಬಿಡೋ ತಯಾರಿ ನಡೆಯುತ್ತೆ. ಡಾಕ್ಟರರು ಇದಕ್ಕೆ ಡೆಲಿರಿಯಂ ಅಂತಾರೆ. ಬಹಳಷ್ಟು ಸಲ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಕೆಲವು ಸಲ ಸರಿಯೂ ಹೋಗುತ್ತದೆ. ಹೇಗಿದ್ದರೂ ಸಾಯುವವರು, ಇನ್ನೇನು ಹುಡುಕೋದು ಅನ್ನುವ ಉದಾಸೀನವನ್ನು ಮುರಿದವರಲ್ಲಿ ಮೊದಲ ಸಾಲಿನ ಹೆಸರು ಸಿಸಿಲಿ ಸಾಂಡರ್ಸ್. ಆಧುನಿಕ ಹಾಸ್ಪೈಸ್ ಅವರಿಂದಲೇ ಶುರುವಾಯಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಅವರು ಅಲ್ಲಿಗೆ ಬಂದ ದಾರಿ ಭಾರೀ ಸುತ್ತುಬಳಸಿನದು.

ಹುಟ್ಟಿದ್ದು 1918ರ ಜೂನ್ 22ರಂದು, ಲಂಡನ್ನಿನ ಉತ್ತರದ ಬಾರ್ನೆಟ್‌ನಲ್ಲಿ. ಅನುಕೂಲಸ್ಥ ಮನೆತನ. ಆಕ್ಸ್‌ಫರ್ಡ್‌ನಲ್ಲಿ ರಾಜಕೀಯ, ತತ್ವಶಾಸ್ತ್ರ, ಅರ್ಥಶಾಸ್ತ್ರ ಓದುತ್ತಿದ್ದಾಗ ಯುದ್ಧ ಬಂತು. ಓದು ಬಿಟ್ಟು ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ನರ್ಸ್ ಆಗಲು ಹೋದರು. ಬೆನ್ನು ಕೈಕೊಟ್ಟಿತು, ರೋಗಿಗಳನ್ನು ಎತ್ತಿ ಇಳಿಸೋ ಕೆಲಸ ಆಗಲಿಲ್ಲ. ಮತ್ತೆ ಓದಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಆದರು. ಎಂಜಿನಿಯರಿಂಗ್ ಮುಗಿಸಿ ಈ ಕಡೆ ಬಂದ ನನಗೆ ಹೀಗೆ ಲೈನ್ ಬದಲಿಸಿದವರ ಮೇಲೆ ಸ್ವಲ್ಪ ಮಮತೆ ಜಾಸ್ತಿ.

ಆ ಕೆಲಸದಲ್ಲೇ ಡೇವಿಡ್ ಟಾಸ್ಮಾ ಸಿಕ್ಕಿದ್ದು. ಪೋಲೆಂಡಿನ ಯಹೂದಿ ನಿರಾಶ್ರಿತ, ಹೋಟೆಲಿನಲ್ಲಿ ವೇಟರ್ ಆಗಿದ್ದವ, ಕ್ಯಾನ್ಸರ್. ಲಂಡನ್ನಿನಲ್ಲಿ ಅವನಿಗೆ ತನ್ನವರು ಅನ್ನುವವರು ಯಾರೂ ಇರಲಿಲ್ಲ. ಇಬ್ಬರೂ ಕೂತು, ಸಾಯುವವರಿಗೆ ಎಂಥ ಜಾಗ ಇರಬೇಕು ಅಂತ ಮಾತಾಡುತ್ತಿದ್ದರು. 1948ರಲ್ಲಿ ಅವನು ತೀರಿಕೊಂಡಾಗ ಸಿಸಿಲಿಗೆ 500 ಪೌಂಡ್ ಬಿಟ್ಟುಹೋಗಿದ್ದ. ಮುಂದೆ ಅವರು ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿ ಆಗಬೇಕು ಅನ್ನೋದು ಅವನ ಆಸೆ. ಆ ಕಿಟಕಿಯ ಸುತ್ತ ಮನೆ ಏಳಲು 19 ವರ್ಷ ಹಿಡಿಯಿತು.

ನಡುವಿನ ಕಾಲದಲ್ಲಿ ಅವರು ಸಂಜೆ ಹೊತ್ತು ಸೇಂಟ್ ಲ್ಯೂಕ್ಸ್ ಅನ್ನುವ, ಸಾಯುವವರಿಗಾಗಿಯೇ ಇದ್ದ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದರು. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಬೇರೆ ಆಸ್ಪತ್ರೆಗಳಲ್ಲಿ ರೋಗಿ ನೋವಿನಿಂದ ಚೀರಿದ ಮೇಲೆ ಮಾರ್ಫಿನ್ ಚುಚ್ಚುತ್ತಿದ್ದರು. ಚುಚ್ಚಿದಾಗ ಮಂಪರು, ಇಳಿದಾಗ ಮತ್ತೆ ಚೀರಾಟ. ಇಲ್ಲಿ ಮಾತ್ರ ನೋವು ಬರುವ ಮೊದಲೇ, ಗಡಿಯಾರ ನೋಡಿ, ಬಾಯಿಂದ ಕೊಡುತ್ತಿದ್ದರು. ಇದನ್ನು ಜಗತ್ತಿಗೆ ಹೇಳಬೇಕೆಂದರೆ ಡಾಕ್ಟರೇ ಆಗಬೇಕು, ಇಲ್ಲದಿದ್ದರೆ ಯಾರೂ ಕಿವಿಗೊಡೋದಿಲ್ಲ ಅಂತ ಸರ್ಜನ್ ನಾರ್ಮನ್ ಬ್ಯಾರೆಟ್ ಸಲಹೆ ಕೊಟ್ಟರು. ಮೂವತ್ತು ದಾಟಿದ ಹೆಣ್ಣುಮಗಳು ಮೆಡಿಕಲ್ ಸೇರಿ 1957ರಲ್ಲಿ ಪಾಸಾದರು.

ಮುಂದಿನ ವರ್ಷದಿಂದ ಪೂರ್ವ ಲಂಡನ್ನಿನ ಸೇಂಟ್ ಜೋಸೆಫ್ಸ್‌ನಲ್ಲಿ ಕೆಲಸ. ಐರಿಶ್ ಸಿಸ್ಟರ್‌ಗಳು ನಡೆಸುತ್ತಿದ್ದ ಅಲ್ಲಿ ಪ್ರೀತಿ ಬೇಕಾದಷ್ಟಿತ್ತು, ಬರೆದಿಡುವ ಪದ್ಧತಿ ಇರಲಿಲ್ಲ. ಸಿಸಿಲಿ ಒಂದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟರು. ಹೊತ್ತಿಗೆ ಸರಿಯಾಗಿ, ಅಳತೆ ಮಾಡಿ ಕೊಟ್ಟರೆ ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮನೆಯವರ ಜೊತೆ ಮಾತಾಡುತ್ತಾನೆ ಅಂತ ಅದರಿಂದ ತೋರಿಸಿದರು. 1959ರಲ್ಲಿ ನರ್ಸಿಂಗ್ ಟೈಮ್ಸ್‌ಗೆ ಬರೆದ ಲೇಖನಮಾಲೆಯಲ್ಲಿ ಸಾಯುವವರ ಮಾನಸಿಕ ಯಾತನೆಗೇ ಒಂದು ಲೇಖನ ಮೀಸಲಿಟ್ಟರು. ಮೈ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ದೇವರ ಮೇಲಿನ ಸಿಟ್ಟು ಎಲ್ಲವೂ ಒಂದೇ ನೋವಿನ ಎಳೆಗಳು ಅನ್ನುವ ಅವರ ವಿಚಾರ ಬೆಳೆದದ್ದು ಇದೇ ವರ್ಷಗಳಲ್ಲಿ.

ಬೆಟಗೇರಿಯಲ್ಲಿ ನಮ್ಮ ಓಣಿಯ ಒಬ್ಬ ನೇಕಾರ ಅಜ್ಜ ಕೊನೆಯ ವಾರ ಗಾಳಿಯಲ್ಲಿ ಲಾಳಿ ಎಸೆಯುತ್ತಿದ್ದ. ಸೊಸೆಯನ್ನು ತಂಗಿ ಅಂದುಕೊಂಡಿದ್ದ. ಆಸ್ಪತ್ರೆಯೊಂದರಲ್ಲಿ ಅವನ ಕೈಗಳನ್ನು ಮಂಚಕ್ಕೆ ಕಟ್ಟಿದರು, ಅವನು ಇನ್ನಷ್ಟು ಕೊಸರಾಡಿದ. ಕೊನೆಗೆ ನೋಡಿದರೆ ಎರಡು ದಿನದಿಂದ ಮೂತ್ರ ಕಟ್ಟಿತ್ತು. ನಳಿಗೆ ಹಾಕಿದ ಮೇಲೆ ಅಜ್ಜ ಸೊಸೆಯನ್ನು ಹೆಸರು ಹಿಡಿದು ಕರೆದ, ಚಹಾ ಕೇಳಿದ. ನಾಲ್ಕು ದಿನಕ್ಕೆ ತೀರಿಕೊಂಡ, ಆದರೆ ಆ ನಾಲ್ಕು ದಿನ ಮನೆಯವರಿಗೆ ಸಿಕ್ಕವು. ಮಲಬದ್ಧತೆ, ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಕ್ಯಾಲ್ಸಿಯಂ ಏರೋದು, ಕಿಡ್ನಿ ಸೋತಾಗ ಮೈಯಲ್ಲೇ ಉಳಿಯುವ ಮಾರ್ಫಿನ್ ಅಂಶ, ಇವೆಲ್ಲ ಸನ್ನಿ ತರುತ್ತವೆ. ಗದ್ದಲ ಮಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ಗೋಡೆ ನೋಡುತ್ತಾ ಮಲಗಿದವರಿಗೂ ಅದೇ ಆಗಿರಬಹುದು, ನಾವು ಶಾಂತವಾಗಿದ್ದಾರೆ ಅಂದ್ಕೋತೀವಿ.

1967ರಲ್ಲಿ ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಬಾಗಿಲು ತೆರೆಯಿತು. ಆರೈಕೆ, ಕಲಿಕೆ, ಸಂಶೋಧನೆ ಮೂರೂ ಒಂದೇ ಸೂರಿನಡಿ. ಆಗ ಹಲವೆಡೆ ಮಾರ್ಫಿನ್ ಜೊತೆ ಕೊಕೇನ್, ಮದ್ಯ ಬೆರೆಸಿದ ಕಷಾಯದಂಥ ಮಿಶ್ರಣ ಕೊಡುತ್ತಿದ್ದರು. ಇಲ್ಲಿ ರಾಬರ್ಟ್ ಟ್ವೈಕ್ರಾಸ್ ಅದನ್ನು ಪರೀಕ್ಷೆಗೆ ಒಡ್ಡಿದರು, ಬರೀ ಮಾರ್ಫಿನ್ ಸಾಕು ಅಂತ ಗೊತ್ತಾಯಿತು. ಹಾಗಂತ ಸಾಂಡರ್ಸ್ ಮಾಡಿದ್ದೆಲ್ಲ ಇವತ್ತಿಗೂ ನಿಲ್ಲುತ್ತದೆ ಅಂತಲ್ಲ. ಚಡಪಡಿಸುವವರಿಗೆ ಕ್ಲೋರ್‌ಪ್ರೊಮಜಿನ್‌ನಂಥ ಮಾತ್ರೆ ಕೊಡೋದು ಅವರಲ್ಲೂ ರೂಢಿಯಿತ್ತು. 2017ರಲ್ಲಿ ಆಸ್ಟ್ರೇಲಿಯಾದ ಉಪಶಾಮಕ ಆರೈಕೆ ಕೇಂದ್ರಗಳಲ್ಲಿ 247 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಅದೇ ಬಗೆಯ ಹ್ಯಾಲೊಪೆರಿಡಾಲ್ ಮತ್ತು ರಿಸ್ಪೆರಿಡೋನ್ ಪಡೆದವರ ಡೆಲಿರಿಯಂ ಲಕ್ಷಣ ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚೇ ಇತ್ತು. ಔಷಧಿಯನ್ನು ಅಳೆದು ನೋಡಬೇಕು ಅನ್ನುವ ಅವರದೇ ಹಟ ಅವರ ರೂಢಿಯನ್ನೂ ತಿದ್ದಿತು ಅನ್ನೋದು ನನ್ನ ಎಣಿಕೆ.

ಪೋಲಿಷ್ ಚಿತ್ರಕಾರ ಮರಿಯನ್ ಬೋಹುಷ್-ಷಿಷ್ಕೊ ಅವರನ್ನು ಮದುವೆಯಾದಾಗ, 1980ರಲ್ಲಿ, ಸಿಸಿಲಿಗೆ ಅರವತ್ತು ದಾಟಿತ್ತು. 1995ರಲ್ಲಿ ಗಂಡ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲೇ ತೀರಿಕೊಂಡರು. 2005ರ ಜುಲೈ 14ರಂದು ಸಿಸಿಲಿ ಕೂಡ ಅಲ್ಲೇ ಹೋದರು, ಸ್ತನ ಕ್ಯಾನ್ಸರ್‌ನಿಂದ.

ನಮ್ಮ ಕಥೆ ಏನು? ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಹಣ ತಗೊಳ್ಳದೆ ನೋಡಿಕೊಳ್ಳುತ್ತದೆ. ಮುಂಡರಗಿಯಿಂದ ಅಲ್ಲಿಗೆ ಕೊನೆಗಾಲದ ರೋಗಿಯನ್ನು ಯಾರು ಒಯ್ಯುತ್ತಾರೆ? ಲಕ್ಷ್ಮೇಶ್ವರದವರು ಹುಬ್ಬಳ್ಳಿಗೆ ಹೋಗಿ, ಇನ್ನೇನೂ ಆಗಲ್ಲ ಅನ್ನಿಸಿಕೊಂಡು, ಮನೆಗೆ ವಾಪಸ್ ಬರುತ್ತಾರೆ. ಪಡಸಾಲೆಯ ಮಂಚವೇ ಅವರ ಹಾಸ್ಪೈಸ್. 1985ರ ಮಾದಕವಸ್ತು ಕಾಯ್ದೆ ಮಾರ್ಫಿನ್ ಅನ್ನು ಆಸ್ಪತ್ರೆಗಳಿಂದ ದೂರ ಇಟ್ಟಿತ್ತು. 2014ರ ತಿದ್ದುಪಡಿ ಲೈಸೆನ್ಸ್ ಸುಲಭ ಮಾಡಿತು, ಆದರೆ ಕಾಗದ ಸಡಿಲಾದ ಮಾತ್ರಕ್ಕೆ ಮಾತ್ರೆ ತಾಲೂಕಿಗೆ ಬರೋದಿಲ್ಲ.

ಸನ್ನಿಯ ವಿಷಯದಲ್ಲಿ ಮಾತ್ರ ಮಾತ್ರೆಗಿಂತ ಮೊದಲು ಮಾಡುವ ಕೆಲಸ ಬಹಳ ಇದೆ, ಅದಕ್ಕೆ ಲೈಸೆನ್ಸೂ ಬೇಕಿಲ್ಲ. ಅಜ್ಜಿಯ ಚಷ್ಮಾ, ಕಿವಿಯ ಮಷಿನ್ ತೆಗೆದಿಡಬಾರದು. ಹಗಲು ಬೆಳಕು, ರಾತ್ರಿ ಕತ್ತಲು ಇರಬೇಕು. ಇವತ್ತು ಯಾವ ವಾರ, ತಾನೆಲ್ಲಿದ್ದೇನೆ ಅಂತ ಪರಿಚಿತ ದನಿ ಹೇಳುತ್ತಿರಬೇಕು. ಹೊಟ್ಟೆ, ಮೂತ್ರ ವಿಚಾರಿಸಬೇಕು, ಕಟ್ಟಿಹಾಕಬಾರದು. 1999ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಸೇರಿದ 70 ದಾಟಿದ 852 ಮಂದಿಯ ಅಧ್ಯಯನ ಪ್ರಕಟವಾಯಿತು. ಇಂಥವೇ ಕ್ರಮಗಳಿಂದ ಡೆಲಿರಿಯಂ ಹಿಡಿಯುವವರ ಪ್ರಮಾಣ ಶೇ. 15ರಿಂದ 9.9ಕ್ಕೆ ಇಳಿದಿತ್ತು. ಸಾಯುತ್ತಿರುವವರಲ್ಲಿ ಅಷ್ಟು ಫಲ ಸಿಗಲಿಕ್ಕಿಲ್ಲ, ಆದರೂ ಅವರ ಭಯ ಇಳಿಯುವಷ್ಟಾದರೂ ಸಿಕ್ಕೀತು.

ಸೇಂಟ್ ಕ್ರಿಸ್ಟೋಫರ್ಸ್ 1969ರಲ್ಲೇ ಮನೆಗಳಿಗೆ ಹೋಗುವ ತಂಡ ಕಟ್ಟಿತು. ಗದಗ ಜಿಲ್ಲೆಗೆ ಈಗ ಮೆಡಿಕಲ್ ಕಾಲೇಜಿದೆ, ತಾಲೂಕು ಆಸ್ಪತ್ರೆಗಳಿವೆ, ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿ 2 ಗಂಟೆಗೆ ಮುದುಕಿಯೊಬ್ಬಳು ಎದ್ದು, ಹೊಲಕ್ಕೆ ಹೊತ್ತಾತು, ಬುತ್ತಿ ಕಟ್ಟು ಅಂತ ಹಟ ಹಿಡಿದಾಗ, ಮಗ ಫೋನ್ ಹಚ್ಚಲು ಒಂದು ನಂಬರ್ ಬೇಕು, ಆ ಕಡೆ ಎತ್ತುವ ಒಬ್ಬ ನರ್ಸಮ್ಮ ಬೇಕು.