ಎಂ. ಗೋವಿಂದ ಪೈ

ಮಂಜೇಶ್ವರ ಗೋವಿಂದ ಪೈ (ಮಾರ್ಚ್ 23, 1883 – ಸೆಪ್ಟೆಂಬರ್ 6, 1963) ಕನ್ನಡದ ಕವಿ, ನಾಟಕಕಾರ ಹಾಗೂ ಇತಿಹಾಸ ಸಂಶೋಧಕರು. ಕನ್ನಡದ ಮೊದಲ ರಾಷ್ಟ್ರಕವಿಗಳು. ರಾಜ್ಯ ಪುನರ್ವಿಂಗಡಣೆಯಲ್ಲಿ ಹುಟ್ಟೂರು ಕೇರಳಕ್ಕೆ ಸೇರಿದ್ದರಿಂದ ಅವರ ಕೊನೆಯ ವರ್ಷಗಳು ಕಾಸರಗೋಡಿನ ಗಡಿ ಪ್ರಶ್ನೆಯೊಡನೆ ಬೆಸೆದುಕೊಂಡಿವೆ.

ಜೀವನ ಮತ್ತು ಸಾಹಿತ್ಯ

ಪೈಯವರ ಮನೆಮಾತು ಕೊಂಕಣಿ, ಊರಿನ ಬಳಕೆಯ ಮಾತು ತುಳು, ಬರವಣಿಗೆಯ ಭಾಷೆ ಕನ್ನಡ. ಮಂಗಳೂರಿನಲ್ಲಿ ಓದುವಾಗ ಬಂಟ್ವಾಳದ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿದ್ದರು. ತಂದೆಯ ಮರಣದಿಂದ ಮದರಾಸಿನಲ್ಲಿ ಬಿ.ಎ. ವ್ಯಾಸಂಗ ಅಪೂರ್ಣವಾಯಿತು. 1911ರಲ್ಲಿ ಕವಿತೆಯಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟರು. ಗಿಳಿವಿಂಡು, ಗೊಲ್ಗೊಥಾ, ವೈಶಾಖಿ, ಹೆಬ್ಬೆರಳು ಅವರ ಮುಖ್ಯ ಕೃತಿಗಳು. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಬಿರುದನ್ನಿತ್ತಿತು. ತಮಿಳು, ತೆಲುಗು ಭಾಷಿಕರೇ ಹೆಚ್ಚಾಗಿದ್ದ ಪ್ರಾಂತವೊಂದು ಕನ್ನಡ ಕವಿಗೆ ಈ ಗೌರವ ನೀಡಿದ್ದು ಗಮನಾರ್ಹ.

ಕಾಸರಗೋಡಿನ ಪ್ರಶ್ನೆ

ಆಗ ಕಾಸರಗೋಡು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಮಂಜೇಶ್ವರ ಅದರ ಉತ್ತರ ತುದಿಯಲ್ಲಿತ್ತು. ಭಾಷಾವಾರು ಪ್ರಾಂತಗಳ ತತ್ತ್ವವನ್ನು ಕಾಂಗ್ರೆಸ್ 1920ರ ನಾಗಪುರ ಅಧಿವೇಶನದಲ್ಲೇ ಒಪ್ಪಿತ್ತು. ಆದರೆ ಗಡಿ ಗುರುತಿಸುವ ಹೊತ್ತಿಗೆ ಅದೇ ಪಕ್ಷ ಇಬ್ಭಾಗವಾಯಿತು. ಕೇರಳದ ಕಾಂಗ್ರೆಸ್ಸಿಗರೂ ಕಮ್ಯುನಿಸ್ಟರೂ ಐಕ್ಯ ಕೇರಳದೊಳಗೆ ಕಾಸರಗೋಡನ್ನು ಬಯಸಿದರೆ, ಕರ್ನಾಟಕದ ಕಾಂಗ್ರೆಸ್ಸಿಗರು ಅದನ್ನು ವಿರೋಧಿಸಿದರು.

ವಿವಾದದ ತಿರುಳು ಅಳತೆಯ ಘಟಕದಲ್ಲಿತ್ತು. ಇಡೀ ತಾಲೂಕನ್ನು ಒಂದಾಗಿ ಎಣಿಸಿದರೆ ಮಲಯಾಳಿಗಳೇ ಬಹುಸಂಖ್ಯಾತರು. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಬೇರೆಯಾಗಿ ನೋಡಬೇಕೆಂಬುದು ಕನ್ನಡಿಗರ ವಾದ. ಮನೆಯಲ್ಲಿ ತುಳು, ಕೊಂಕಣಿ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿಯುವವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬ ತೊಡಕೂ ಇತ್ತು. ಪೈಯವರ ಸ್ವಂತ ಮನೆಯೇ ಇದಕ್ಕೆ ನಿದರ್ಶನ. ಕಾಸರಗೋಡು ಕನ್ನಡ ನಾಡಿಗೆ ಸೇರಬೇಕೆಂಬುದು ಅವರ ನಿಲುವಾಗಿತ್ತು.

ಫಜಲ್ ಅಲಿ ಆಯೋಗ 1955ರಲ್ಲಿ ತಾಲೂಕನ್ನು ಕೇರಳಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳು ಮೈಸೂರು ರಾಜ್ಯಕ್ಕೆ ಬಂದವು, ಮಂಜೇಶ್ವರ ಹೊರಗುಳಿಯಿತು. ಬಂಟ್ವಾಳದ ವಿಟ್ಲ ಸೀಮೆಗೂ ಮಂಜೇಶ್ವರಕ್ಕೂ ನಡುವೆ ರಾಜ್ಯದ ಗಡಿ ಬಿತ್ತು. 1957ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಮುಂದೆ ಕರ್ನಾಟಕ ಸಮಿತಿಯ ಅಭ್ಯರ್ಥಿಗಳೂ ಅಲ್ಲಿ ಗೆದ್ದರು. ರಾಷ್ಟ್ರೀಯ ಪಕ್ಷಗಳ ನಿಲುವಿಗೂ ಅಲ್ಲಿನ ಮತದಾರರ ಮನಸ್ಸಿಗೂ ಇದ್ದ ಅಂತರ ಇದರಿಂದ ತಿಳಿಯುತ್ತದೆ.

ಪೈಯವರು ಮಂಜೇಶ್ವರ ಬಿಟ್ಟು ಹೋಗಲಿಲ್ಲ. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದಾಗ ಅವರು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಆ ಶಿಫಾರಸು ಜಾರಿಯಾಗಲಿಲ್ಲ.

ನೆನಪು

ಪೈಯವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಸಂಶೋಧನ ಕೇಂದ್ರದಲ್ಲಿದೆ. ಮಂಜೇಶ್ವರದಲ್ಲಿ ಅವರ ಹೆಸರಿನ ಕಾಲೇಜನ್ನು ಕೇರಳ ಸರಕಾರ ನಡೆಸುತ್ತಿದೆ.