ನೆಲದ ನೀತಿ ಕಲಿಸಿದ ಬೇಟೆಗಾರ

ಅಮೆರಿಕದ ಮಿಸೌರಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸೇಂಟ್ ಲೂಯಿಸ್ ನಗರದ ಸಮೀಪದ ಬುಷ್ ಸಂರಕ್ಷಣಾ ಪ್ರದೇಶವನ್ನು ಕಂಡೆ. ಒಂದೆಡೆ ಕೆರೆದಂಡೆಯಲ್ಲಿ ಗಾಳ ಹಾಕಿ ಕುಳಿತವರು, ದುರ್ಬೀನು ಹಿಡಿದು ಹಕ್ಕಿಗಳನ್ನು ಅರಸುವವರು. ಇನ್ನೊಂದೆಡೆ ಸಾರ್ವಜನಿಕರ ಶೂಟಿಂಗ್ ರೇಂಜ್. ವನ್ಯಜೀವಿಗಳಿಗಾಗಿ ಸರ್ಕಾರವೇ ಕಾಯ್ದುಕೊಂಡ ನೆಲದಲ್ಲಿ ಗುಂಡಿನ ಸದ್ದೇಕೆ? ಬೇಟೆಯನ್ನು ಅಪರಾಧವೆಂದೇ ತಿಳಿದು ಬೆಳೆದ ನನಗೆ ಇದು ಒಗಟಾಯಿತು. ಅದನ್ನು ಬಿಡಿಸಲು ನೆರವಾದದ್ದು ಆಲ್ಡೊ ಲಿಯೋಪೋಲ್ಡ್ ಎಂಬ ಬೇಟೆಗಾರರ ಬದುಕು.

1887ರಲ್ಲಿ ಅಯೋವಾದ ಬರ್ಲಿಂಗ್ಟನ್‌ನಲ್ಲಿ ಜನಿಸಿದ ಲಿಯೋಪೋಲ್ಡ್ ಬೇಟೆ ಕಲಿತದ್ದು ತಂದೆಯಿಂದ. ಕಾನೂನು ಮಿತಿ ಹೇರುವ ಮುನ್ನವೇ ತಮಗೆ ತಾವೇ ಮಿತಿ ಹಾಕಿಕೊಂಡಿದ್ದ ತಂದೆ ಅವರು. ಯೇಲ್‌ನಲ್ಲಿ ಅರಣ್ಯಶಾಸ್ತ್ರ ಓದಿ 1909ರಲ್ಲಿ ಅರಣ್ಯ ಸೇವೆಗೆ ಸೇರಿದ ತರುಣ ಅರಿಜೋನಾದ ಬೆಟ್ಟಗಳಲ್ಲಿ ತೋಳಗಳಿಗೆ ಗುಂಡಿಟ್ಟರು. ತೋಳ ಅಳಿದರೆ ಜಿಂಕೆ ಹೆಚ್ಚೀತು, ಬೇಟೆಗಾರನಿಗೆ ಸ್ವರ್ಗವಾದೀತು ಎಂಬುದು ಆಗಿನ ನಂಬಿಕೆ. ತೋಳವಿಲ್ಲದ ಬೆಟ್ಟಗಳನ್ನು ಜಿಂಕೆಗಳೇ ಮೇಯ್ದು ಬೋಳಾಗಿಸುವುದನ್ನು ಕಂಡ ಮೇಲೆ, ತಾವು ನಂಬಿದ್ದು ತಪ್ಪೆಂದು ಅವರು ಬಹಿರಂಗವಾಗಿ ಬರೆದರು. ರಸ್ತೆ, ಕಟ್ಟಡಗಳ ಸೋಂಕಿಲ್ಲದ ಕಾಡೂ ಒಂದಿಷ್ಟು ಉಳಿಯಬೇಕೆಂಬ ಅವರ ವಾದದ ಫಲವಾಗಿ 1924ರಲ್ಲಿ ನ್ಯೂ ಮೆಕ್ಸಿಕೊದ ಗೀಲಾ ಪ್ರದೇಶಕ್ಕೆ ರಕ್ಷಣೆ ದೊರೆಯಿತು.

1928ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಅವರು ಕೈಗೊಂಡದ್ದು ಬೇಟೆಪ್ರಾಣಿಗಳ ಸಮೀಕ್ಷೆ. ಮಿಸೌರಿಯೂ ಸೇರಿದಂತೆ ಎಂಟು ರಾಜ್ಯಗಳ ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಬಂದೂಕು, ಮದ್ದುಗುಂಡು ತಯಾರಕರ ಸಂಘ! 1933ರಲ್ಲಿ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1937ರಲ್ಲಿ ಅಮೆರಿಕ, ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನಶ್ಚೇತನಕ್ಕಾಗಿ ರಾಜ್ಯಗಳಿಗೆ ಹಂಚುವ ಕಾಯ್ದೆ ತಂದಿತು. ಅದರ ಕರ್ತೃ ಲಿಯೋಪೋಲ್ಡ್ ಅಲ್ಲ. ಆದರೆ ಬೇಟೆಗಾರನ ಹಣ ಮತ್ತು ವಿಜ್ಞಾನ ಒಂದಾಗಿ ನೆಲವನ್ನು ಕಾಯಬಹುದೆಂಬುದಕ್ಕೆ ಅವರ ದುಡಿಮೆಯೇ ನಿದರ್ಶನವಾಗಿತ್ತು. 1970ರ ತಿದ್ದುಪಡಿಯ ಬಳಿಕ ಆ ನಿಧಿಯಿಂದ ಶೂಟಿಂಗ್ ರೇಂಜ್‌ಗಳನ್ನೂ ಕಟ್ಟಲು ಅವಕಾಶವಾಯಿತು. ನನ್ನ ಒಗಟಿನ ಅರ್ಧ ಉತ್ತರ ಇಲ್ಲಿದೆ.

ಹಣ ಕೊಟ್ಟವರ ಮಾತೇ ನಡೆಯಬೇಕೆ? ಉಳಿದರ್ಧ ಈ ಪ್ರಶ್ನೆಯಲ್ಲಿದೆ. ವಿಸ್ಕಾನ್ಸಿನ್ ಸಂರಕ್ಷಣಾ ಆಯೋಗದ ಸದಸ್ಯರಾಗಿದ್ದಾಗ ಲಿಯೋಪೋಲ್ಡ್, ಮಿತಿಮೀರಿದ ಜಿಂಕೆಗಳಲ್ಲಿ ಹೆಣ್ಣನ್ನೂ ಬೇಟೆಯಾಡಬೇಕೆಂದು ವಾದಿಸಿದರು. ಸಿಡಿದೆದ್ದವರಲ್ಲಿ ಬೇಟೆಗಾರರೂ ಇದ್ದರು. ಅವರಿಗೆ ಜಿಂಕೆ ಬೇಕಿತ್ತು. ಲಿಯೋಪೋಲ್ಡ್ ಅವರಿಗೆ ಜಿಂಕೆಯನ್ನು ಸಾಕುವ ಕಾಡು ಬೇಕಿತ್ತು. 1935ರಲ್ಲಿ ಕೊಂಡ, ಸಾರವಿಲ್ಲದ ಮರಳುನೆಲದ ಹೊಲದಲ್ಲಿ ಮಡದಿ ಮಕ್ಕಳೊಡನೆ ಸಾವಿರಾರು ಪೈನ್ ಸಸಿ ನೆಟ್ಟ ಅವರಿಗೆ ವಿಹಾರವೆಂದರೆ ಕಾಡಿಗೆ ರಸ್ತೆ ಒಯ್ಯುವುದಲ್ಲ, ನೋಡುವ ಕಣ್ಣನ್ನು ಬೆಳೆಸುವುದು. ಮನುಷ್ಯ ನೆಲದ ಒಡೆಯನಲ್ಲ, ಅದರ ಕುಟುಂಬದ ಒಬ್ಬ ಸದಸ್ಯ ಎಂಬುದು ಅವರ ನೆಲದ ನೀತಿ. 1948ರ ಏಪ್ರಿಲ್ 21ರಂದು ನೆರೆಯವರ ಹೊಲದ ಹುಲ್ಲಿಗೆ ಬಿದ್ದ ಬೆಂಕಿಯನ್ನು ಆರಿಸಲು ಹೋಗಿ, ಹೃದಯಾಘಾತದಿಂದ ಅವರು ಅಲ್ಲೇ ಅಸುನೀಗಿದರು. ಅವರ ಪ್ರಸಿದ್ಧ ಕೃತಿ 'ಎ ಸ್ಯಾಂಡ್ ಕೌಂಟಿ ಅಲ್ಮನಾಕ್' ಮರುವರ್ಷ ಪ್ರಕಟವಾಯಿತು.

ಆ ದಿನ ನನ್ನ ಕೊರಳಲ್ಲಿದ್ದ ದುರ್ಬೀನಿನ ಮೇಲೆ ಅಂಥ ಕೇಂದ್ರ ತೆರಿಗೆ ಇಲ್ಲ. ರೇಂಜ್‌ನಲ್ಲಿ ಸಿಡಿಯುತ್ತಿದ್ದ ಪ್ರತಿ ಗುಂಡಿನ ಮೇಲೂ ಇದೆ. ಮಿಸೌರಿಯ ಮತದಾರರು ಮಾತ್ರ 1976ರಲ್ಲಿ, ಪ್ರತಿ ನೂರು ಡಾಲರ್ ಖರೀದಿಗೆ ಹನ್ನೆರಡೂವರೆ ಸೆಂಟ್‌ನಂತೆ ಸಂರಕ್ಷಣಾ ತೆರಿಗೆ ಕೊಡಲು ಒಪ್ಪಿದರು. ಬಂದೂಕಿನವನೂ ದುರ್ಬೀನಿನವನೂ ಎರಡೂ ಇಲ್ಲದವನೂ ಅಲ್ಲಿ ಪಾಲುದಾರರು. ಲಿಯೋಪೋಲ್ಡ್ ಅವರ ನೀತಿಗೆ ಹೆಚ್ಚು ಹತ್ತಿರವಾದದ್ದು ಈ ದಾರಿಯೇ. ಗುಂಡಿನ ಸದ್ದಿಗೆ ಹುಬ್ಬು ಗಂಟಿಕ್ಕುವ ಮುನ್ನ, ಕಾಡಿನ ಋಣಕ್ಕೆ ನಾವೇನು ತೆತ್ತಿದ್ದೇವೆಂದು ಕೇಳಿಕೊಳ್ಳುವುದು ಲೇಸು.