ಬೆಲ್ ಎಂಬ ಹೆಸರಿನ ಹಿಂದೆ ಮೂವರು ಅಕ್ಕತಂಗಿಯರು



ಈ ಸಲ ನಾನು ಇಂಗ್ಲೆಂಡಿನ ಶಾರ್ಲೆಟ್ ಬ್ರಾಂಟೆ ಮತ್ತು ಆಕೆಯ ತಂಗಿಯರ ಜೀವನ ಚರಿತ್ರೆ ಬರೆದಿದ್ದೇನೆ. ಅಷ್ಟು ದೂರದವರ ಕಥಿ ನಮಗ್ಯಾಕ ಅಂತ ಕೇಳಬೇಡಿ. ಅವರೂ ಸಣ್ಣ ಊರಿನವರು. ನಮ್ಮ ಹಾಗೆಯೇ ಕೈಯಿಂದ ಪತ್ರಿಕೆ ಬರೆದವರು.

ಶಾರ್ಲೆಟ್ ಹುಟ್ಟಿದ್ದು 1816ರಲ್ಲಿ. ತಮ್ಮ ಬ್ರಾನ್‌ವೆಲ್ 1817ರಲ್ಲಿ, ತಂಗಿ ಎಮಿಲಿ 1818ರಲ್ಲಿ, ಎಲ್ಲರಿಗಿಂತ ಸಣ್ಣಾಕಿ ಆ್ಯನ್ 1820ರಲ್ಲಿ ಹುಟ್ಟಿದರು. ಮರಿಯಾ, ಎಲಿಜಬೆತ್ ಎಂಬ ಇಬ್ಬರು ಅಕ್ಕಂದಿರೂ ಇದ್ದರು. ತಂದೆ ಪ್ಯಾಟ್ರಿಕ್ ಪಾದ್ರಿಯಾಗಿದ್ದರು. 1820ರಲ್ಲಿ ಅವರು ಸಂಸಾರ ಸಮೇತ ಯಾರ್ಕ್‌ಶೈರಿನ ಹಾವರ್ತ್ ಎಂಬ ಊರಿಗೆ ಬಂದರು. ಅದು ಗುಡ್ಡದ ಮೇಲಿನ ಊರು. ಮರ ಕಡಿಮೆ, ಗಾಳಿ ಭಾಳ. ಮರುವರ್ಷವೇ ತಾಯಿ ತೀರಿಕೊಂಡರು. ಆರು ಮಕ್ಕಳನ್ನು ಸಾಕಲು ತಾಯಿಯ ಅಕ್ಕ, ಅಂದರೆ ದೊಡ್ಡವ್ವ, ಬಂದು ನಿಂತರು.

1824ರಲ್ಲಿ ದೊಡ್ಡ ಹುಡುಗಿಯರು ನಾಲ್ವರನ್ನು ಕೌವನ್ ಬ್ರಿಜ್ ಎಂಬಲ್ಲಿಯ ವಸತಿ ಶಾಲೆಗೆ ಕಳಿಸಿದರು. ಅಲ್ಲಿ ಚಳಿ ವಿಪರೀತ, ಊಟ ಸರಿ ಇರಲಿಲ್ಲ. 1825ರಲ್ಲಿ ಮರಿಯಾ ಮತ್ತು ಎಲಿಜಬೆತ್ ಕ್ಷಯರೋಗ ಹತ್ತಿ ಮನೆಗೆ ಬಂದು ಸತ್ತರು. ಒಬ್ಬಳಿಗೆ 11 ವರ್ಷ, ಇನ್ನೊಬ್ಬಳಿಗೆ 10. ತಂದೆ ಉಳಿದಿಬ್ಬರನ್ನು ಶಾಲೆ ಬಿಡಿಸಿ ಕರೆತಂದರು.

1826ರಲ್ಲಿ ತಂದೆ ಬ್ರಾನ್‌ವೆಲ್‌ಗೆ 12 ಕಟ್ಟಿಗೆಯ ಸಿಪಾಯಿ ಗೊಂಬೆ ತಂದರು. ನಾಲ್ಕೂ ಮಕ್ಕಳು ಆ ಗೊಂಬೆಗಳಿಗೆ ಹೆಸರಿಟ್ಟರು, ರಾಜ್ಯ ಕಟ್ಟಿದರು, ಅವುಗಳ ಮೇಲೆ ಕಥೆ ಹೆಣೆದರು. 1829ರಿಂದ ಶಾರ್ಲೆಟ್ ಮತ್ತು ಬ್ರಾನ್‌ವೆಲ್ ಪುಟ್ಟ ಪತ್ರಿಕೆಗಳನ್ನೇ ಬರೆಯತೊಡಗಿದರು. ಕೆಲವು ಬೆಂಕಿಪೆಟ್ಟಿಗೆಯಷ್ಟೇ ದೊಡ್ಡವು! ಅಕ್ಷರ ಸಾಸಿವೆ ಕಾಳಿನಷ್ಟು. ಸಕ್ಕರೆ ಚೀಲದ ಕಾಗದವನ್ನು ಹೊದಿಕೆ ಮಾಡಿ, ಸೂಜಿ ದಾರದಿಂದ ಹೊಲಿಯುತ್ತಿದ್ದರು. ಅಂಥ ಪುಸ್ತಕಗಳು ಇಂದಿಗೂ ಉಳಿದಿವೆ. ಅವರಿದ್ದ ಮನೆ 1928ರಿಂದ ವಸ್ತುಸಂಗ್ರಹಾಲಯವಾಗಿದೆ.

ಶಾರ್ಲೆಟ್ ತನ್ನ ಕವಿತೆಗಳನ್ನು ಆಗಿನ ಇಂಗ್ಲೆಂಡಿನ ರಾಜಕವಿ ರಾಬರ್ಟ್ ಸೌದಿ ಅವರಿಗೆ ಕಳಿಸಿದಳು. 1837ರಲ್ಲಿ ಉತ್ತರ ಬಂತು. ಸಾಹಿತ್ಯ ಹೆಣ್ಣುಮಕ್ಕಳ ಬದುಕಿನ ಕೆಲಸವಲ್ಲ ಎಂಬುದು ಅದರ ತಾತ್ಪರ್ಯ. ಆಕೆ ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಳು, ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಹೊಟ್ಟೆಪಾಡಿಗೆ ಶಾರ್ಲೆಟ್ ಮತ್ತು ಆ್ಯನ್ ಉಳ್ಳವರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳಿದರು. 1844ರಲ್ಲಿ ಅಕ್ಕತಂಗಿಯರು ತಮ್ಮ ಮನೆಯಲ್ಲೇ ಶಾಲೆ ತೆರೆಯಬೇಕೆಂದು ಕರಪತ್ರ ಅಚ್ಚು ಹಾಕಿಸಿದರು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ.

1845ರಲ್ಲಿ ಎಮಿಲಿಯ ಕವಿತೆಯ ನೋಟಬುಕ್ ಶಾರ್ಲೆಟ್ ಕೈಗೆ ಸಿಕ್ಕಿತು. ಕೇಳದೆ ಓದಿದ್ದಕ್ಕೆ ಎಮಿಲಿಗೆ ಭಾಳ ಸಿಟ್ಟು ಬಂತು. ಆಮೇಲೆ ಒಪ್ಪಿದಳು. 1846ರಲ್ಲಿ ಮೂವರೂ ಸ್ವಂತ ಖರ್ಚಿನಿಂದ ಕವಿತೆಗಳನ್ನು ಅಚ್ಚು ಹಾಕಿಸಿದರು. ಆದರೆ ಹೆಣ್ಣುಮಕ್ಕಳು ಬರೆದದ್ದೆಂದು ವಿಮರ್ಶಕರು ಬೇರೆ ತಕ್ಕಡಿಯಲ್ಲಿ ತೂಗಬಾರದೆಂದು ಕರರ್ ಬೆಲ್, ಎಲ್ಲಿಸ್ ಬೆಲ್, ಆ್ಯಕ್ಟನ್ ಬೆಲ್ ಎಂದು ಹೆಸರು ಹಾಕಿದರು. ಗಂಡೋ ಹೆಣ್ಣೋ ತಿಳಿಯದ ಹೆಸರುಗಳವು. ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ!

ಅವರು ಎದೆಗುಂದಲಿಲ್ಲ. 1847ರಲ್ಲಿ ಶಾರ್ಲೆಟ್‌ಳ ಜೇನ್ ಐರ್, ಎಮಿಲಿಯ ವದರಿಂಗ್ ಹೈಟ್ಸ್, ಆ್ಯನ್‌ಳ ಆಗ್ನೆಸ್ ಗ್ರೇ ಕಾದಂಬರಿಗಳು ಹೊರಬಂದವು. ಜೇನ್ ಐರ್ ಕೂಡಲೇ ಹೆಸರು ಮಾಡಿತು. ಅದರಲ್ಲಿ ಬರುವ ಕೆಟ್ಟ ಶಾಲೆ ಅಕ್ಕಂದಿರು ರೋಗ ಹತ್ತಿಸಿಕೊಂಡ ಆ ಶಾಲೆಯ ನೆನಪಿನಿಂದಲೇ ಹುಟ್ಟಿದ್ದು. ಈ ಮೂವರು ಬೆಲ್‌ಗಳೂ ಒಬ್ಬರೇ ಅಂತ ಗಾಳಿಸುದ್ದಿ ಎದ್ದಿತು. 1848ರ ಜುಲೈನಲ್ಲಿ ಶಾರ್ಲೆಟ್ ಮತ್ತು ಆ್ಯನ್ ಮಳೆಯಲ್ಲಿ ನಡೆದು ಹೋಗಿ ರೈಲು ಹತ್ತಿ, ಲಂಡನ್ನಿನ ಪ್ರಕಾಶಕರ ಮುಂದೆ ನಿಂತು ನಾವೇ ಬರೆದವರು ಎಂದರು. ಅದೇ 1848ರಲ್ಲಿ ನಮ್ಮ ದೇಶದ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿರಾವ್ ಫುಲೆ ಹುಡುಗಿಯರಿಗೆ ಶಾಲೆ ತೆರೆದರು ಎಂಬುದನ್ನೂ ನೆನೆಯಬೇಕು.

ಸಂತೋಷ ಉಳಿಯಲಿಲ್ಲ. ಆ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, 1849ರ ಮೇ ತಿಂಗಳಲ್ಲಿ ಆ್ಯನ್ ತೀರಿಕೊಂಡರು. ಒಂಬತ್ತು ತಿಂಗಳಲ್ಲಿ ಮೂರು ಸಾವು. 1850ರಲ್ಲಿ ಶಾರ್ಲೆಟ್ ತಂಗಿಯರ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕಿಸಿ, ಬರೆದವರು ಯಾರೆಂದು ಜಗತ್ತಿಗೆ ತಿಳಿಸಿದಳು. 1854ರಲ್ಲಿ ಆಕೆಗೆ ಮದುವೆಯಾಯಿತು. 1855ರ ಮಾರ್ಚ್ 31ರಂದು, 38ನೇ ವಯಸ್ಸಿಗೆ, ಬಸುರಿಯಿದ್ದಾಗಲೇ ತೀರಿಹೋದಳು. ನಮ್ಮ ನರಗುಂದದ ಬಂಡಾಯಕ್ಕೆ ಆಗ ಇನ್ನೂ ಮೂರು ವರ್ಷವಿತ್ತು. ಆರೂ ಮಕ್ಕಳನ್ನು ಮಣ್ಣಿಗಿಟ್ಟ ತಂದೆ 1861ರವರೆಗೆ ಬದುಕಿದ್ದರು.

ಇದನ್ನೆಲ್ಲ ಬರೆಯಲು ಕಾರಣವಿದೆ. ಈ ಗೋಡೆ ಪತ್ರಿಕೆಗೆ ಬರಹ ಕೂಡಿಸುವ ಕೆಲಸ ನನ್ನದು. ಕಳೆದ ಸಂಚಿಕೆಗೆ ಹುಡುಗಿಯರು ಕೊಟ್ಟ ಬರಹ ಐದು, ಹೆಸರು ಹಾಕಿದ್ದು ಎರಡಕ್ಕೇ. ಹುಡುಗರು ಅಣಕಸ್ತಾರ, ಮನ್ಯಾಗ ಬೈತಾರ, ಹೆಸರು ಬ್ಯಾಡವಾ ಅಂತ ಉಳಿದವರು ಹೇಳಿದರು. ಬ್ರಾಂಟೆ ಅಕ್ಕತಂಗಿಯರು ಹೆಸರು ಮುಚ್ಚಿಟ್ಟು 170 ವರ್ಷದ ಮೇಲಾಯಿತು. ಮೆಣಸಗಿಯಲ್ಲಿ ಇಂದಿಗೂ ನಾವು ಮುಚ್ಚಿಡಬೇಕೇ?

ಗೆಳತಿಯರೆ, ಮುಂದಿನ ಸಂಚಿಕೆಗೆ ಬರಹದ ಕೆಳಗ ಹೆಸರು, ತರಗತಿ ಎರಡೂ ಬರೀರಿ. ಹುಡುಗರೆ, ಬರಹ ಚಲೋ ಇರದಿದ್ದರೆ ಬರಹಕ್ಕೆ ಅನ್ನಿ, ಬರೆದಾಕಿಗೆ ಅನ್ನಬೇಡಿ. ಗುರುಗಳು, ಅಕ್ಕೋರು ತರಗತಿಯಲ್ಲಿ ಓದಿ ತೋರಿಸುವಾಗ ಬರೆದವರ ಹೆಸರನ್ನೂ ಗಟ್ಟಿಯಾಗಿ ಓದಬೇಕೆಂದು ವಿನಂತಿ.